ಅಂಕಪಟ್ಟಿ ಯಾರ ಕೈಲಿ?

1

ಹೋದ ವರ್ಷ ಒಂದು ಅಂತರಕಾಲೇಜು ಚರ್ಚಾಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಮೂವರು ತೀರ್ಪುಗಾರರಲ್ಲಿ ನಾನೇ ಕಿರಿಯ. ಕೆಲಸಕ್ಕೆ ಸೇರಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಹಾರ, ಶಾಲು, ಒಂದು ಲೋಟ ಕಾಫಿ ಎಲ್ಲ ಆದಮೇಲೆ ಕೈಗೊಂದು ಹಾಳೆ ಕೊಟ್ಟರು. ವಿಷಯ ಮಂಡನೆಗೆ 20, ಭಾಷೆ ಮತ್ತು ಉಚ್ಚಾರಕ್ಕೆ 10, ಹಾವಭಾವಕ್ಕೆ 10, ಸಮಯಪಾಲನೆಗೆ 10. ಚರ್ಚೆಯ ವಿಷಯ, 'ಮೀಸಲಾತಿ ಇನ್ನೂ ಬೇಕೆ?'

ಹಾಸ್ಟೆಲಿನ ಹುಡುಗಿಯೊಬ್ಬಳು ಪರವಾಗಿ ಮಾತಾಡಿದಳು. 'ನಮ್ಮಕ್ಕ ಎಸ್ಸೆಸ್ಸೆಲ್ಸಿ ಪಾಸಾದಾಗ ಎಷ್ಟು ಮಾರ್ಕ್ಸ್ ಬಂತು ಅಂತ ಊರಲ್ಲಿ ಯಾರೂ ಕೇಳಲಿಲ್ಲ. ಇನ್ನು ಮೇಲೆ ನಮ್ಮ ಕೊಟ್ಟಿಗೆ ಸಗಣಿ ಬಾಚೋರು ಯಾರು ಅಂತ ಕೇಳಿದರು' ಅಂದಳು. ಆ ಸಭಾಂಗಣದಲ್ಲಿ ಅವತ್ತು ಆಡಿದ ಮಾತುಗಳಲ್ಲಿ ಇಷ್ಟು ತೂಕದ ವಾದ ಇನ್ನೊಂದಿರಲಿಲ್ಲ. ಆದರೆ ಅವಳ ಬಾಯಲ್ಲಿ 'ಹಕ್ಕು' ಎಂಬುದು 'ಅಕ್ಕು' ಆಗುತ್ತಿತ್ತು, 'ಹಣ' 'ಅಣ' ಆಗುತ್ತಿತ್ತು. ಹಿಂದಿನ ಸಾಲಿನಲ್ಲಿ ಕಿಸಿಕಿಸಿ ನಗು ಕೇಳಿಸಿತು. ಗಂಟೆ ಹೊಡೆದ ಮೇಲೂ ಅರ್ಧ ನಿಮಿಷ ಮಾತಾಡಿದಳು. ನಾನು ಉಚ್ಚಾರಕ್ಕೆ 4, ಸಮಯಪಾಲನೆಗೆ 3 ಹಾಕಿದೆ. ಮೊದಲ ಬಹುಮಾನ ಬಂದದ್ದು ಒಬ್ಬ ತಣ್ಣನೆಯ ದನಿಯ ಹುಡುಗನಿಗೆ. ಎರಡೂ ಕಡೆ ತೂಗಿ, ಕೈ ಎಷ್ಟು ಬೇಕೋ ಅಷ್ಟೇ ಆಡಿಸಿ, ಗಂಟೆಗೆ ಸರಿಯಾಗಿ ನಿಲ್ಲಿಸಿದ. ಅವನಿಗೆ ನಾನೂ 9, 9 ಅಂತ ಕೊಟ್ಟಿದ್ದೆ.

ಹೊರಗೆ ಬರುವಾಗ ಆ ಹುಡುಗಿ ಕೇಳಿದಳು: 'ಸಾರ್, ನಾನು ಯೋಳಿದ್ರಲ್ಲಿ ತಪ್ಪೇನಿತ್ತು?' ನಾನಂದೆ: 'ವಿಷಯ ಚೆನ್ನಾಗಿತ್ತಮ್ಮ. ಸ್ವಲ್ಪ ಉಚ್ಚಾರ ನೋಡ್ಕೋಬೇಕು.'

ಎಂ.ಎ. ಓದುವವರೆಗೆ ನನ್ನ ನಾಲಗೆಯ ಮೇಲೂ 'ಹ' ಕೂತಿರಲಿಲ್ಲ ಎನ್ನುವುದನ್ನು ಆಗ ನಾನು ಅವಳಿಗೆ ಹೇಳಲಿಲ್ಲ.

2

ಈ ಲೇಖನ ಅಮೆರಿಕದ ಬಗ್ಗೆ. ದಲಿತ ವಿಮರ್ಶೆಯ ವಿಶೇಷ ಸಂಚಿಕೆಯಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಯ ಮಾತೇಕೆ ಎಂದು ಗೆಳೆಯರು ಕೇಳಬಹುದು. ಮಾತನ್ನು ಅಳೆದು ಅಂಕ ಹಾಕುವುದನ್ನು ಒಂದು ದೊಡ್ಡ ಉದ್ಯಮವನ್ನಾಗಿ ಬೆಳೆಸಿದ ಸಮಾಜ ಅದು. ಕಪ್ಪುಜನ ಆ ಅಳತೆಗೋಲಿನ ಮುಂದೆ ನಿಂತಾಗಲೆಲ್ಲ ಅದರ ಗೆರೆಗಳು ಯಾರು ಕೊರೆದದ್ದು ಎಂಬುದು ಬಯಲಾಗಿದೆ. ನನ್ನ ಕೈಲಿದ್ದ ಆ ಐವತ್ತು ಅಂಕದ ಹಾಳೆ ಅರ್ಥವಾಗಲು ನನಗೆ ಆ ದೊಡ್ಡ ಹಾಳೆಯನ್ನು ನೋಡಬೇಕಾಯಿತು.

ಅಲ್ಲಿ ಅಧ್ಯಕ್ಷ ಚುನಾವಣೆಗೆ ಮೊದಲು ಪ್ರತಿ ಪಕ್ಷದೊಳಗೂ ಒಂದು ಚುನಾವಣೆ ನಡೆಯುತ್ತದೆ. ರಾಜ್ಯ ರಾಜ್ಯದಲ್ಲೂ ಮತದಾರರು ತಮ್ಮ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಹೇಳುತ್ತಾರೆ. ಇದಕ್ಕೆ ಪ್ರೈಮರಿ ಎನ್ನುತ್ತಾರೆ. ಅದಕ್ಕೆ ನಿಂತವರು ಒಂದೇ ವೇದಿಕೆಯಲ್ಲಿ ವಾದ ಮಾಡುತ್ತಾರೆ. 1948ರಲ್ಲಿ ಆರೆಗಾನ್ ರಾಜ್ಯದಲ್ಲಿ ರಿಪಬ್ಲಿಕನ್ ಪಕ್ಷದ ಡ್ಯೂವಿ ಮತ್ತು ಸ್ಟಾಸೆನ್ ರೇಡಿಯೊದಲ್ಲಿ ಹೀಗೆ ಎದುರುಬದುರಾದರು. ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಬೇಕೆ ಎಂಬ ಒಂದೇ ಪ್ರಶ್ನೆಯ ಮೇಲೆ ಸುಮಾರು ಒಂದು ಗಂಟೆ ವಾದ. ಅದನ್ನು ಸತ್ಯಯುಗ ಅಂತ ನಾನು ಹಾಡುವುದಿಲ್ಲ. ಇಬ್ಬರೂ ಬಿಳಿಯ ಗಂಡಸರು. ಆ ಕಾಲಕ್ಕೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪುಜನರಲ್ಲಿ ಬಹುಪಾಲಿಗೆ ವೋಟು ಹಾಕುವುದೇ ಆಗುತ್ತಿರಲಿಲ್ಲ. ಆದರೂ ಅಲ್ಲಿ ಕೇಳುಗನಿಗೆ ಒಂದು ವಾದವನ್ನು ಕೊನೆಯವರೆಗೆ ಹಿಂಬಾಲಿಸುವ ಅವಕಾಶವಿತ್ತು.

ಈಗ ವೇದಿಕೆಯ ರಚನೆಯೇ ಬೇರೆ. 2015ರ ಆಗಸ್ಟಿನಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ರಿಪಬ್ಲಿಕನ್ನರ ಮೊದಲ ಚರ್ಚೆ ನಡೆಯಿತು. ಜನಾಭಿಪ್ರಾಯ ಸಮೀಕ್ಷೆಗಳ ಸರಾಸರಿ ತೆಗೆದು ಮೇಲಿನ ಹತ್ತು ಜನರಿಗೆ ರಾತ್ರಿಯ ಮುಖ್ಯ ಚರ್ಚೆ, ಉಳಿದ ಏಳು ಜನರಿಗೆ ಸಂಜೆಯ ಬೇರೆ ಚರ್ಚೆ. ಆ ಹತ್ತರಲ್ಲೂ ಮುಂದಿದ್ದವರು ನಡುಮಧ್ಯೆ, ಹಿಂದಿದ್ದವರು ಅಂಚಿನಲ್ಲಿ. ನಡುವೆ ನಿಂತವರು ಡೊನಾಲ್ಡ್ ಟ್ರಂಪ್. ಇದನ್ನು ಓದಿದಾಗ ನನಗೆ ತಟ್ಟನೆ ಹೊಳೆದ ಪದ 'ಪಂಕ್ತಿ'. ಮೊದಲ ಪಂಕ್ತಿ ಎದ್ದಮೇಲೆ ಎರಡನೆಯ ಪಂಕ್ತಿ. ಇಲ್ಲಿ ಮಾತ್ರ ಎರಡನೆಯ ಪಂಕ್ತಿಯನ್ನು ಮೊದಲೇ ಎಬ್ಬಿಸಿ ಕಳಿಸಿದರು, ಅಷ್ಟೇ ವ್ಯತ್ಯಾಸ. ಆ ರಾತ್ರಿಯ ಚರ್ಚೆಯನ್ನು 2 ಕೋಟಿ 40 ಲಕ್ಷ ಜನ ನೋಡಿದರು. ಮರುವರ್ಷ ಸಿಬಿಎಸ್ ವಾಹಿನಿಯ ಮುಖ್ಯಸ್ಥ ಲೆಸ್ ಮೂನ್ವೆಸ್ ಬಾಯಿಬಿಟ್ಟೇ ಹೇಳಿದರು: ಈ ಚುನಾವಣೆ ಅಮೆರಿಕಕ್ಕೆ ಒಳ್ಳೆಯದಲ್ಲದಿರಬಹುದು, ಸಿಬಿಎಸ್‌ಗಂತೂ ಭಾರಿ ಒಳ್ಳೆಯದು. ಅಂಕ ಹಾಕುವವರು ಪೆಂಡಾಲಿನ ಮಾಲೀಕರೂ ಹೌದು, ಟಿಕೆಟ್ ಮಾರುವವರೂ ಹೌದು. ಈ ಮಾತನ್ನು ಮರೆತು ಮಾಧ್ಯಮದ 'ತೀರ್ಪು' ಓದುವಂತಿಲ್ಲ.

3

2019ರ ಜೂನ್ 27. ಮಯಾಮಿ ನಗರ. ಡೆಮಾಕ್ರಾಟಿಕ್ ಪಕ್ಷದ ಮೊದಲ ಚರ್ಚೆಯ ಎರಡನೆಯ ರಾತ್ರಿ. ಅಭ್ಯರ್ಥಿಗಳು ಇಪ್ಪತ್ತು ಜನ ಇದ್ದುದರಿಂದ ರಾತ್ರಿಗೆ ಹತ್ತರಂತೆ ಹಂಚಿದ್ದರು. ಉತ್ತರಕ್ಕೆ 60 ಸೆಕೆಂಡ್, ಮರುಮಾತಿಗೆ 30 ಸೆಕೆಂಡ್. ನಾನದನ್ನು ಮೊದಲು ನೋಡಿದ್ದು ಹಾಸ್ಟೆಲಿನಲ್ಲಿ, ಗೆಳೆಯನ ಒಡಕು ಗಾಜಿನ ಮೊಬೈಲಿನಲ್ಲಿ. ಮೊನ್ನೆ ಮತ್ತೆ ಕೂತು ಪೂರ್ತಿ ನೋಡಿದೆ.

ಹಿನ್ನೆಲೆ ಇಷ್ಟು. ಅದಕ್ಕೆ ಒಂಬತ್ತು ದಿನ ಮೊದಲು ಜೋ ಬೈಡನ್ ಒಂದು ದೇಣಿಗೆ ಸಭೆಯಲ್ಲಿ ತಮ್ಮ ಹಳೆಯ ಕಾಲದ ಸೌಜನ್ಯವನ್ನು ನೆನೆದಿದ್ದರು. ಕಪ್ಪುಜನ ಬಿಳಿಯರೊಡನೆ ಬೆರೆಯಕೂಡದೆಂದು ಜೀವನವಿಡೀ ಹೋರಾಡಿದ ಮಿಸ್ಸಿಸ್ಸಿಪ್ಪಿಯ ಸೆನೆಟರ್ ಜೇಮ್ಸ್ ಈಸ್ಟ್‌ಲ್ಯಾಂಡ್, ಜಾರ್ಜಿಯಾದ ಹರ್ಮನ್ ಟಾಲ್ಮೆಜ್ ಇಂಥವರ ಜೊತೆಗೂ ತಾವು ಕೆಲಸ ಮಾಡಿದ್ದೆವು ಎಂದರು. ಈಸ್ಟ್‌ಲ್ಯಾಂಡ್ ತನ್ನನ್ನು ಎಂದೂ 'ಬಾಯ್' ಅನ್ನಲಿಲ್ಲ, 'ಸನ್' ಅಂತಲೇ ಕರೆಯುತ್ತಿದ್ದರು ಎಂದೂ ಸೇರಿಸಿದರು. ಇದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಪ್ಪತ್ತು ವರ್ಷದ ಕಪ್ಪು ಮುದುಕನನ್ನೂ ಬಿಳಿಯರ ಮನೆಯ ಹುಡುಗ 'ಬಾಯ್' ಎಂದು ಕೂಗುತ್ತಿದ್ದ ನಾಡು ಅದು. ನಮ್ಮಲ್ಲಿ 'ಏನ್ಲಾ' ಅನ್ನಿಸಿಕೊಂಡು ಬೆಳೆದ ಅಪ್ಪಂದಿರ ಮಕ್ಕಳಿಗೆ ಆ ಒಂದು ಪದದ ಭಾರ ಗೊತ್ತು. ಬಿಳಿಯನನ್ನು 'ಬಾಯ್' ಅನ್ನದಿರುವುದು ಸೌಜನ್ಯವಲ್ಲ, ಅದು ಅವರವರೊಳಗಿನ ವ್ಯವಹಾರ. ಕಪ್ಪು ಸೆನೆಟರ್ ಕೋರಿ ಬುಕರ್ ಕ್ಷಮೆ ಕೇಳಿ ಎಂದರು, ಬೈಡನ್ ಒಪ್ಪಲಿಲ್ಲ.

ಮಯಾಮಿಯಲ್ಲಿ ಕಮಲಾ ಹ್ಯಾರಿಸ್ ಈ ಎಳೆಯನ್ನು ಹಿಡಿದರು. ಈ ವೇದಿಕೆಯ ಮೇಲಿರುವ ಏಕೈಕ ಕಪ್ಪು ವ್ಯಕ್ತಿ ನಾನು, ಜನಾಂಗದ ಪ್ರಶ್ನೆಯ ಮೇಲೆ ಮಾತಾಡಬೇಕಿದೆ ಎಂದು ಸರದಿ ಕೇಳಿ ಪಡೆದರು. ನೀವು ಜನಾಂಗದ್ವೇಷಿ ಅಂತ ನಾನು ನಂಬುವುದಿಲ್ಲ ಎಂದು ಬೈಡನ್‌ಗೆ ಹೇಳಿಯೇ, ಶಾಲೆಗಳ 'ಬಸ್ಸಿಂಗ್' ಅನ್ನು ವಿರೋಧಿಸಲು ನೀವು ಅಂಥವರ ಜೊತೆ ಸೇರಿದ್ದಿರಿ ಎಂದರು. ಕ್ಯಾಲಿಫೋರ್ನಿಯಾದಲ್ಲಿ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದ ಒಬ್ಬ ಪುಟ್ಟ ಹುಡುಗಿಯ ಕತೆ ಹೇಳಿ, 'ಆ ಪುಟ್ಟ ಹುಡುಗಿ ನಾನೇ' ಎಂದರು.

ಬಸ್ಸಿಂಗ್ ಎಂದರೆ, ಕಪ್ಪುಜನರ ಕೇರಿಯ ಮಕ್ಕಳನ್ನು ಬಿಳಿಯರ ಬಡಾವಣೆಯ ಶಾಲೆಗೂ, ಅಲ್ಲಿಯವರನ್ನು ಇಲ್ಲಿಗೂ ಬಸ್ಸಿನಲ್ಲಿ ಕರೆದೊಯ್ದು ಶಾಲೆಗಳನ್ನು ಬೆರೆಸುವ ಕ್ರಮ. 1954ರಲ್ಲಿ ಬ್ರೌನ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬೇರೆ ಬೇರೆ ಶಾಲೆ ಕೂಡದೆಂದಿತು. ಕಾಗದದ ಮೇಲೆ ಗೋಡೆ ಬಿತ್ತು, ಊರಿನಲ್ಲಿ ಬೀಳಲಿಲ್ಲ. 1971ರಲ್ಲಿ ಅದೇ ಕೋರ್ಟ್ ಬಸ್ಸಿಂಗ್ ಸರಿಯಾದ ಕ್ರಮವೆಂದು ಎತ್ತಿ ಹಿಡಿಯಿತು. 1974ರಲ್ಲಿ ಡೆಟ್ರಾಯಿಟ್‌ನ ಮಿಲಿಕನ್ ಮೊಕದ್ದಮೆಯಲ್ಲಿ, ನಗರದ ಎಲ್ಲೆ ದಾಟಿ ಬಿಳಿಯರ ಹೊರವಲಯಗಳ ಶಾಲೆಗಳನ್ನು ಇದರೊಳಗೆ ತರುವಂತಿಲ್ಲ, ಅಲ್ಲಿನವರ ತಪ್ಪು ಸಾಬೀತಾದ ಹೊರತು, ಎಂದಿತು. ಬಿಳಿಯರು ಊರಾಚೆ ಮನೆ ಮಾಡಿಕೊಂಡರು, ಶಾಲೆಯೂ ಅವರ ಜೊತೆ ಹೋಯಿತು. ನಮ್ಮಲ್ಲಿ ಕೇರಿ ಊರಾಚೆ. ಅಲ್ಲಿ ಊರೇ ಕೇರಿಯನ್ನು ಬಿಟ್ಟು ಆಚೆ ಹೋಯಿತು.

ಬೈಡನ್ ಉತ್ತರ ಕೊಟ್ಟರು. ನಾನು ಜನಾಂಗದ್ವೇಷಿಗಳನ್ನು ಹೊಗಳಿಲ್ಲ, ಬಸ್ಸಿಂಗನ್ನೇ ವಿರೋಧಿಸಿಲ್ಲ, ಕೇಂದ್ರದ ಶಿಕ್ಷಣ ಇಲಾಖೆ ಹೇರಿದ ಬಸ್ಸಿಂಗನ್ನು ವಿರೋಧಿಸಿದೆ ಎಂದರು. ಕೊನೆಗೆ, ನನ್ನ ಸಮಯ ಮುಗಿಯಿತು, ಕ್ಷಮಿಸಿ, ಎಂದು ತಾವೇ ನಿಲ್ಲಿಸಿಬಿಟ್ಟರು.

4

ಮರುದಿನದ ಪತ್ರಿಕೆಗಳು, ವಾಹಿನಿಗಳು ಏನು ಮಾಡಿದವು? 'ಗೆದ್ದವರು, ಸೋತವರು' ಎಂಬ ಪಟ್ಟಿ ಹಾಕಿದವು. ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟವರೂ ಇದ್ದರು. ಯಾರು ಎಷ್ಟು ನಿಮಿಷ ಮಾತಾಡಿದರೆಂದು ಗಡಿಯಾರ ಹಿಡಿದು ಎಣಿಸಿದರು. ಬೈಡನ್, ಹ್ಯಾರಿಸ್ ಇಬ್ಬರಿಗೂ ಹನ್ನೊಂದು ನಿಮಿಷಕ್ಕೂ ಹೆಚ್ಚು, ಆಂಡ್ರ್ಯೂ ಯಾಂಗ್‌ಗೆ ಹೆಚ್ಚುಕಡಿಮೆ ಮೂರೇ ನಿಮಿಷ. ಹ್ಯಾರಿಸ್ ಗೆದ್ದರು ಎಂಬುದರಲ್ಲಿ ಹೆಚ್ಚಿನವರಿಗೆ ಅನುಮಾನವಿರಲಿಲ್ಲ. ಆದರೆ ವಿವರಿಸಿದ ಭಾಷೆ ಕುಸ್ತಿಯ ಅಖಾಡದ್ದು: ಏಟು, ಪಟ್ಟು, ತತ್ತರಿಸಿದರು, ಕೆಡವಿದರು. ಒಬ್ಬ ಕಪ್ಪು ಹೆಂಗಸು ತನ್ನ ಬಾಲ್ಯದ ಶಾಲೆಯ ಬಗ್ಗೆ ಆಡಿದ ಮಾತು ಒಂದು 'ಪಟ್ಟು' ಆಗಿಬಿಟ್ಟಿತು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಬೈಡನ್ ಗಂಟೆಗೆ ಸರಿಯಾಗಿ ನಿಲ್ಲಿಸಿದರು. ನನ್ನ ಹಾಳೆಯ ಪ್ರಕಾರ ಸಮಯಪಾಲನೆಗೆ ಹತ್ತಕ್ಕೆ ಹತ್ತು. ಮಾಧ್ಯಮ ಅದನ್ನೇ ಹಿಡಿದು ನಕ್ಕಿತು, ಮುದುಕನ ಕಾಲ ಮುಗಿಯಿತು ಎಂಬ ಅರ್ಥ ಹಚ್ಚಿತು. ಅಂದರೆ ನಿಯಮಕ್ಕೆ ತನ್ನದೇ ಬೆಲೆ ಏನೂ ಇಲ್ಲ. ಆ ಗಳಿಗೆಗೆ ಯಾವ ಕತೆ ಬೇಕೋ ಅದಕ್ಕೆ ತಕ್ಕಂತೆ ನಿಯಮ ಅರ್ಥ ಪಡೆಯುತ್ತದೆ. ಗಂಟೆಯ ನಂತರ ಮಾತಾಡಿದರೆ ಒಬ್ಬರಿಗೆ ಅದು 'ಕಿಚ್ಚು', ಇನ್ನೊಬ್ಬರಿಗೆ 'ಅಶಿಸ್ತು'.

ಆದರೆ ಎಲ್ಲವನ್ನೂ ಮಾಧ್ಯಮದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಮೊದಲನೆಯದು, ಚರ್ಚೆ ಮುಗಿದ ಕೆಲವೇ ಗಂಟೆಗಳಲ್ಲಿ ಹ್ಯಾರಿಸ್ ಬಣ ಆ ಪುಟ್ಟ ಹುಡುಗಿಯ ಚಿತ್ರ ಅಚ್ಚು ಹಾಕಿದ ಟೀ ಶರ್ಟನ್ನು 29.99 ಡಾಲರಿಗೆ ಮಾರತೊಡಗಿತು. ಒಂದೇ ದಿನದಲ್ಲಿ ಸುಮಾರು 20 ಲಕ್ಷ ಡಾಲರ್ ದೇಣಿಗೆ ಬಂತು. ಎರಡನೆಯದು, ಹಾಗಾದರೆ ಇವತ್ತು ಸರ್ಕಾರವೇ ಬಸ್ಸಿಂಗ್ ಕಡ್ಡಾಯ ಮಾಡಬೇಕೆ ಎಂದು ವರದಿಗಾರರು ಕೇಳಿದರು. ಅದು ಕೇಳಲೇಬೇಕಾದ ಪ್ರಶ್ನೆ. ಹ್ಯಾರಿಸ್, ಶಾಲಾ ಜಿಲ್ಲೆಗಳು ಬಳಸಬಹುದಾದ ಸಲಕರಣೆಗಳಲ್ಲಿ ಅದೂ ಒಂದು ಎಂಬಂತೆ ಜಾರಿಕೊಂಡರು. ಹಾಗೆ ಮಾಡಿದಾಗ ಅವರ ನಿಲುವಿಗೂ, ತಾವೇ ಖಂಡಿಸಿದ್ದ ನಿಲುವಿಗೂ ಅಂತರ ತೆಳುವಾಯಿತು.

ಪ್ರಶ್ನೆ ಸರಿಯಾಗಿದ್ದರೂ ಅದನ್ನು ಬಳಸಿದ ರೀತಿಯಲ್ಲಿ ಮೋಸವಿತ್ತು. ಹ್ಯಾರಿಸ್ ಮಾತು ಬದಲಿಸಿದರೇ ಇಲ್ಲವೇ ಎಂಬುದಷ್ಟೇ ಮತ್ತೆ ಸುದ್ದಿಯಾಯಿತು. 1974ರ ತೀರ್ಪಿನ ನಂತರ ಅಮೆರಿಕದ ಶಾಲೆಗಳು ಯಾಕೆ ಮತ್ತೆ ಬೇರೆ ಬೇರೆಯಾಗುತ್ತಾ ಬಂದವು ಎಂಬುದು ಆ ಗದ್ದಲದಲ್ಲಿ ಹಿಂದೆ ಬಿತ್ತು. ಪುಟ್ಟ ಹುಡುಗಿ ಟೀ ಶರ್ಟಿನ ಮೇಲೆ ಉಳಿದಳು, ಶಾಲೆ ಕಾಣೆಯಾಯಿತು.

ನಮ್ಮ ಸಾಹಿತ್ಯ ವಿಮರ್ಶೆಗೆ ಈ ರೋಗ ಹೊಸದಲ್ಲ. ದಲಿತ ಆತ್ಮಕಥನ ಬಂದಾಗ 'ಎಂಥ ಹಸಿ ಅನುಭವ! ಎಂಥ ನೋವು!' ಎಂದು ಮೆಚ್ಚಿ ಬರೆದವರು, ಆ ಅನುಭವದೊಳಗೆ ಒಂದು ವಾದವಿದೆ, ಈ ಭೂಮಿ ಯಾರದು, ಈ ನೀರು ಯಾರದು ಎಂಬ ಪ್ರಶ್ನೆಯಿದೆ ಎಂಬಲ್ಲಿಗೆ ಬಂದಾಗ ಪುಟ ಮಡಚಿದರು. ನಮ್ಮಲ್ಲೂ ಕೆಲವರು ಮೆಚ್ಚುಗೆಗೆ ತಕ್ಕಂತೆ ನೋವನ್ನು ಬರೆಯುವುದನ್ನು ಕಲಿತೆವು. ಅನುಭವಕ್ಕೆ ಮಾರುಕಟ್ಟೆ ಇದೆ, ಅನುಭವದ ತೀರ್ಮಾನಕ್ಕೆ ಇಲ್ಲ. ಮಯಾಮಿಯಲ್ಲಿ ನಡೆದದ್ದೂ ಇದೇ.

5

ಇದು ಒಬ್ಬ ಹ್ಯಾರಿಸ್ ಕತೆಯಲ್ಲ. 1972ರಲ್ಲಿ ಶರ್ಲಿ ಚಿಸಮ್ ಡೆಮಾಕ್ರಾಟಿಕ್ ಪ್ರೈಮರಿಗೆ ನಿಂತರು. ಅಮೆರಿಕದ ಕಾಂಗ್ರೆಸ್ಸಿಗೆ ಆರಿಸಿ ಬಂದ ಮೊದಲ ಕಪ್ಪು ಹೆಂಗಸು. ಕ್ಯಾಲಿಫೋರ್ನಿಯಾ ಪ್ರೈಮರಿಗೆ ಮುಂಚೆ ಹಂಫ್ರಿ ಮತ್ತು ಮೆಕ್‌ಗವರ್ನ್ ಇಬ್ಬರನ್ನೇ ವಾಹಿನಿಗಳು ಎದುರುಬದುರು ಕೂರಿಸಿದವು. ಚಿಸಮ್ ಕಾನೂನಿನ ದಾರಿ ಹಿಡಿದು ಅರ್ಧ ಗಂಟೆಯ ಸಮಯ ಗಿಟ್ಟಿಸಿಕೊಳ್ಳಬೇಕಾಯಿತು. ಉಚ್ಚಾರ, ಹಾವಭಾವ ಇವೆಲ್ಲ ಆಮೇಲಿನ ಮಾತು. ಮೊದಲ ಅಂಕ ಬೀಳುವುದು ಬಾಗಿಲಲ್ಲೇ. ಅದೇ 1972ರಲ್ಲಿ ಮುಂಬಯಿಯಲ್ಲಿ ಕಪ್ಪುಜನರ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರು ಪಡೆದು ದಲಿತ ಪ್ಯಾಂಥರ್ಸ್ ಹುಟ್ಟಿತು.

ಒಳಗೆ ಬಂದವರ ಗತಿ? 1984ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಒಂದು ಚರ್ಚೆ ನಡೆಯಿತು. 1913ರಿಂದ 1916ರವರೆಗೆ ಬಾಬಾಸಾಹೇಬರು ಓದಿದ ಅದೇ ಕೊಲಂಬಿಯಾ. ಮೊಂಡೇಲ್, ಹಾರ್ಟ್, ಜೆಸ್ಸಿ ಜಾಕ್ಸನ್ ಮೂವರು. ಬಿಳಿಯರಿಬ್ಬರೂ ಕಚ್ಚಾಡಿಕೊಂಡಾಗ ನಡುವೆ ನಿಂತು ಸಮಾಧಾನ ಹೇಳಿದವರು ಜಾಕ್ಸನ್. ಅವರು ಮಾತುಗಾರ ಎಂಬುದನ್ನು ಎಲ್ಲರೂ ಒಪ್ಪಿದರು. ಮಾತುಗಾರ, ಅಷ್ಟೇ. 1984ರಲ್ಲಿ 30 ಲಕ್ಷಕ್ಕೂ ಹೆಚ್ಚು ವೋಟು, 1988ರಲ್ಲಿ 70 ಲಕ್ಷದ ಹತ್ತಿರ ವೋಟು ಬಂದು ಎರಡನೆಯ ಸ್ಥಾನದಲ್ಲಿದ್ದಾಗಲೂ ಪತ್ರಿಕೆಗಳು ಕೇಳುತ್ತಿದ್ದ ಪ್ರಶ್ನೆ, 'ಜೆಸ್ಸಿಗೆ ಏನು ಬೇಕು?' ಅಧ್ಯಕ್ಷ ಚುನಾವಣೆಗೆ ನಿಂತವನಿಗೆ ಅಧ್ಯಕ್ಷಗಿರಿ ಬೇಕಿರಬಹುದು ಎಂಬುದು ಅವರಿಗೆ ಹೊಳೆಯಲಿಲ್ಲ. 'ನಿಮ್ಮೋರು ತಮಟೆ ಬಲು ಚೆನ್ನಾಗಿ ಬಡೀತಾರೆ' ಎಂದು ಹೊಗಳುವ ಊರ ಯಜಮಾನರ ದನಿ ನನಗೆ ಇಲ್ಲಿ ಕೇಳಿಸುತ್ತದೆ. ಬಡಿಯಲಿ, ದೇವಸ್ಥಾನದ ಸಮಿತಿಗೆ ಬರುವ ಮಾತು ಮಾತ್ರ ಬೇಡ.

2007ರಲ್ಲಿ ಇದೇ ಬೈಡನ್, ಅಂದಿನ ತಮ್ಮ ಎದುರಾಳಿ ಬರಾಕ್ ಒಬಾಮರನ್ನು ಮೆಚ್ಚುವ ಭರದಲ್ಲಿ, ಚೆನ್ನಾಗಿ ಮಾತಾಡುವ, ಚುರುಕಾದ, ಶುಭ್ರವಾದ, ನೋಡಲೂ ಚೆನ್ನಾಗಿರುವ ಕಪ್ಪು ಅಭ್ಯರ್ಥಿ ಎಂದರು. ಆಮೇಲೆ ವಿಷಾದಿಸಿದರು. ಆದರೆ ಮಾತು ಆಡಿಯಾಗಿತ್ತು. 'ಶುಭ್ರ'! ಅಸ್ಪೃಶ್ಯತೆಯ ಇಡೀ ಚರಿತ್ರೆ ಈ ಒಂದು ಪದದೊಳಗೆ ಮಡಿಯುಟ್ಟು ಕೂತಿದೆ. ಬಿಳಿಯ ಅಭ್ಯರ್ಥಿ ಶುಭ್ರನೆಂದು ಯಾರೂ ಹೊಗಳುವುದಿಲ್ಲ. ಅದು ಅವನಿಗೆ ಹುಟ್ಟಿನಿಂದಲೇ ಬಂದದ್ದೆಂಬ ನಂಬಿಕೆಯಿದೆ. 2019ರ ಜುಲೈ 31ರಂದು ಡೆಟ್ರಾಯಿಟ್‌ನ ವೇದಿಕೆಯ ಮೇಲೆ ಹ್ಯಾರಿಸ್ ಕೈಕುಲುಕುತ್ತಾ ಬೈಡನ್ ಆಡಿದ ಮಾತನ್ನೂ ಮೈಕು ಹಿಡಿಯಿತು: ನನ್ನ ಮೇಲೆ ಸ್ವಲ್ಪ ಕರುಣೆ ಇರಲಿ, 'ಕಿಡ್'. ಸೆನೆಟರ್ ಆಗಿದ್ದ, ಐವತ್ತು ದಾಟಿದ ಹೆಂಗಸು 'ಮಗು'. ಪ್ರೀತಿಯಿಂದಲೇ ಅಂದಿರಬಹುದು. ಪ್ರೀತಿಯ ಏಕವಚನವನ್ನು ನಾವು ಬೇಕಾದಷ್ಟು ಉಂಡಿದ್ದೇವೆ.

ಚೆನ್ನಾಗಿ ಮಾತಾಡಿದರೆ ಬರೀ ಮಾತುಗಾರ, ಸಿಟ್ಟಾದರೆ ಅಪಾಯಕಾರಿ, ತಣ್ಣಗಿದ್ದರೆ ಅಚ್ಚರಿ. ಈ ಮೂರು ಗೆರೆಗಳ ನಡುವೆ ಕಪ್ಪು ಅಭ್ಯರ್ಥಿ ಹೆಜ್ಜೆ ಇಡಬೇಕು.

1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಮಾಡಿದ ಭಾಷಣದ ಗತಿ ಈ ಸಂಚಿಕೆಯ ಓದುಗರಿಗೆ ಗೊತ್ತೇ ಇದೆ. ಆ ಭಾಷಣದಿಂದ ಪತ್ರಿಕೆಗಳು ಎತ್ತಿಕೊಂಡದ್ದು ಒಂದೇ ಪದ, 'ಬೂಸಾ'. ಒಂದು ಸಾಹಿತ್ಯ ಯಾರಿಗೆ ಅನ್ನ, ಯಾರಿಗೆ ಹೊಟ್ಟು ಎಂಬ ವಿಮರ್ಶೆಯ ಪ್ರಶ್ನೆ ಅದರಲ್ಲಿತ್ತು. ಗಲಭೆಯಾಯಿತು, ಮಂತ್ರಿಗಿರಿ ಹೋಯಿತು. ಇವತ್ತು 'ಸೌಂಡ್ ಬೈಟ್' ಅನ್ನುತ್ತಾರಲ್ಲ, ಅದರ ಏಟನ್ನು ಕನ್ನಡದ ದಲಿತರು ಟೀವಿ ಬರುವ ಮೊದಲೇ ತಿಂದಿದ್ದರು. ಆದರೆ ಒಂದು ವ್ಯತ್ಯಾಸವಿದೆ. ಆ ಪದವನ್ನು ನಮ್ಮವರು ಬಿಟ್ಟುಕೊಡಲಿಲ್ಲ. ಕೇರಿಯ ಹುಡುಗರು ಅದನ್ನೇ ಹಿಡಿದು ಓದಿದರು, ಬರೆದರು, ಸಂಘ ಕಟ್ಟಿದರು. ಟೀ ಶರ್ಟಿಗೂ ಚಳವಳಿಗೂ ಇರುವ ಅಂತರ ಇದೇ ಎಂದು ನನಗನ್ನಿಸುತ್ತದೆ.

6

ಇನ್ನು ನಮ್ಮ ಪತ್ರಿಕೆಗಳ ವಿಚಾರ. ಹ್ಯಾರಿಸ್ ಮಯಾಮಿಯಲ್ಲಿ ಕಪ್ಪು ಹೆಂಗಸಾಗಿ ಮಾತಾಡಿದರು. ಭಾರತದ ಪತ್ರಿಕೆ, ಟೀವಿಗಳಿಗೆ ಅವರು 'ನಮ್ಮ ಹುಡುಗಿ'. ತಾಯಿ ಶ್ಯಾಮಲಾ ಗೋಪಾಲನ್ ಅವರ ಕಡೆಯ ಊರು ತಮಿಳುನಾಡಿನ ತುಳಸೇಂದ್ರಪುರದಲ್ಲಿ ಪೂಜೆ ನಡೆದದ್ದು ದೊಡ್ಡ ಸುದ್ದಿ. ಜಮೈಕಾದಿಂದ ಬಂದ ತಂದೆ ಡೊನಾಲ್ಡ್ ಹ್ಯಾರಿಸ್ ಆ ಸುದ್ದಿಗಳಲ್ಲಿ ಮಸುಕು. ಬಣ್ಣದ ಪ್ರಶ್ನೆ ಎತ್ತಿದವಳನ್ನು ನಾವು ಸಂಭ್ರಮಿಸಿದ್ದು ತಾಯಿಯ ಬ್ರಾಹ್ಮಣ ಮನೆತನದ ಮೂಲಕ! 2023ರ ಆಗಸ್ಟಿನಲ್ಲಿ ಮಿಲ್ವಾಕಿಯ ರಿಪಬ್ಲಿಕನ್ ಚರ್ಚೆಯಲ್ಲಿ ವಿವೇಕ್ ರಾಮಸ್ವಾಮಿ, ನಿಕ್ಕಿ ಹೇಲಿ ಒಂದೇ ವೇದಿಕೆಯಲ್ಲಿ ನಿಂತಾಗಲೂ ಇದೇ ಹೆಮ್ಮೆ. ಅದೇ ವರ್ಷದ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ಕಾನೂನಿನಿಂದ ನಿಷೇಧಿಸಿತ್ತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಅಂಥದೇ ಮಸೂದೆಯನ್ನು ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ತಡೆದರು. ಭಾರತದಿಂದ ಹೋದವರು ಜೊತೆಗೆ ಜಾತಿಯನ್ನೂ ಒಯ್ದಿದ್ದಾರೆಂದು ಅಲ್ಲಿನ ದಲಿತರು ಕೂಗಿ ಹೇಳುತ್ತಿದ್ದ ವರ್ಷದಲ್ಲಿ ನಮ್ಮ ಮಾಧ್ಯಮದ ಅಂಕಪಟ್ಟಿಯಲ್ಲಿ ಇದ್ದದ್ದು ಒಂದೇ ಕಾಲಂ: 'ಭಾರತ ಮೂಲ'.

7

ಹಾಗಾದರೆ ಈ ಗೆಲುವಿನ ಬೆಲೆ ಎಷ್ಟು? ಮಯಾಮಿಯ ನಂತರದ ಸಿಎನ್ಎನ್ ಸಮೀಕ್ಷೆಯಲ್ಲಿ ಹ್ಯಾರಿಸ್ ಶೇ. 8ರಿಂದ 17ಕ್ಕೆ ಏರಿದರು, ಬೈಡನ್ 32ರಿಂದ 22ಕ್ಕೆ ಇಳಿದರು. ಡಿಸೆಂಬರ್ 3ಕ್ಕೆ ಹ್ಯಾರಿಸ್ ಹಣವಿಲ್ಲದೆ ಕಣ ಬಿಟ್ಟರು. ವೇದಿಕೆಗೆ ಬೇಕಾದ ಸಮೀಕ್ಷೆಯ ಅಂಕ, ದೇಣಿಗೆದಾರರ ಸಂಖ್ಯೆ ಏರುತ್ತಾ ಹೋದಂತೆ ಬುಕರ್, ಕ್ಯಾಸ್ಟ್ರೊ ಹೊರಗುಳಿದರು. 2020ರ ಜನವರಿ 14ರಂದು ಡಿಮಾಯಿನ್ ನಗರದ ಚರ್ಚೆಯಲ್ಲಿ ನಿಂತ ಆರೂ ಜನ ಬಿಳಿಯರು. ಯಾರೂ ಯಾರನ್ನೂ ಕತ್ತು ಹಿಡಿದು ನೂಕಲಿಲ್ಲ. ಎಲ್ಲವೂ ನಿಯಮದ ಪ್ರಕಾರವೇ ನಡೆಯಿತು.

ಆಮೇಲೆ ನಡೆದದ್ದು ನನ್ನ ವಾದಕ್ಕೇ ತೊಡಕು. ಅದನ್ನು ಮುಚ್ಚಿಡಲಾರೆ. ಅಯೋವಾದಲ್ಲಿ ನಾಲ್ಕನೆಯ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯ ಸ್ಥಾನಕ್ಕೆ ಕುಸಿದಿದ್ದ, ಪಂಡಿತರೆಲ್ಲ ಕೈಬಿಟ್ಟಿದ್ದ ಬೈಡನ್‌ರನ್ನು ಫೆಬ್ರವರಿ 29ರಂದು ಸೌತ್ ಕೆರೊಲಿನಾದಲ್ಲಿ ಎತ್ತಿ ನಿಲ್ಲಿಸಿದವರು ಕಪ್ಪು ಮತದಾರರು. ಅಲ್ಲಿನ ಐವರು ಕಪ್ಪು ಮತದಾರರಲ್ಲಿ ಸುಮಾರು ಮೂವರು ಅವರಿಗೇ ವೋಟು ಹಾಕಿದರು. ಈಸ್ಟ್‌ಲ್ಯಾಂಡ್ ಕತೆ, ಬಸ್ಸಿಂಗ್ ಕತೆ ಅವರಿಗೆ ಗೊತ್ತಿರಲಿಲ್ಲವೆ? ಪುಸ್ತಕದಲ್ಲಿ ಓದಿದ ನಮಗಿಂತ ಚೆನ್ನಾಗಿ ಗೊತ್ತಿತ್ತು. ಟ್ರಂಪರನ್ನು ಸೋಲಿಸಲು ಈ ದೇಶದ ಬಿಳಿಯರು ಯಾರಿಗೆ ವೋಟು ಹಾಕಿಯಾರು ಎಂದು ಅವರು ಲೆಕ್ಕ ಹಾಕಿದರು. ಅದು ಯಜಮಾನನ ಮನಸ್ಸನ್ನು ತಲೆಮಾರುಗಳಿಂದ ಓದಿ ಬದುಕಿದವರ ಲೆಕ್ಕ. ನಮ್ಮ ಅವ್ವಂದಿರಿಗೂ ಈ ಲೆಕ್ಕ ಬರುತ್ತದೆ. 'ನಮ್ಮ ಜನಕ್ಕೆ ತಿಳುವಳಿಕೆ ಇಲ್ಲ' ಎಂದು ವೇದಿಕೆಯ ಮೇಲೆ ಕೂತು ಹೇಳುವ ನಾವು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವರ ಆಯ್ಕೆ ಸರಿಯೆಂದು ನಾನು ಹೇಳುತ್ತಿಲ್ಲ. ಮಾಧ್ಯಮದ ಅಂಕಪಟ್ಟಿಯನ್ನು ಅವರು ಕೈಗೇ ತೆಗೆದುಕೊಳ್ಳಲಿಲ್ಲ ಎನ್ನುತ್ತಿದ್ದೇನೆ.

2024ರ ಸೆಪ್ಟೆಂಬರ್ 10ರಂದು ಟ್ರಂಪ್ ಎದುರು ಹ್ಯಾರಿಸ್ ವಾದಿಸಿದಾಗ, ನೋಡಿದವರಲ್ಲಿ ಶೇ. 63 ಮಂದಿ ಹ್ಯಾರಿಸ್ ಮೇಲೆಂದು ಸಿಎನ್ಎನ್‌ಗೆ ಹೇಳಿದರು. ಅದು ಪ್ರೈಮರಿಯಲ್ಲ, ಕೊನೆಯ ಕಣ. ನವೆಂಬರಿನಲ್ಲಿ ಸೋತರು. ಒಳ್ಳೆಯ ಅಂಕ ತೆಗೆದರೆ ಬಾಗಿಲು ತೆರೆಯುತ್ತದೆ ಎಂದು ನಮ್ಮ ಹಾಸ್ಟೆಲ್ ಹುಡುಗರಿಗೆ ನಾವು ಹೇಳುತ್ತಲೇ ಬಂದಿದ್ದೇವೆ. ಹೇಳದೆ ಇರಲೂ ಆಗುವುದಿಲ್ಲ. ಆದರೆ ಅರ್ಧ ಮಾತನ್ನು ಮಾತ್ರ ಹೇಳುತ್ತಿದ್ದೇವೆ.

ದಲಿತ ವಿಮರ್ಶೆ ಇಂಥ ಕಡೆ ಮಾಡಬೇಕಾದ ಕೆಲಸ ಸರಳವಾದದ್ದು. ಯಾರು ಗೆದ್ದರು ಎಂಬುದಕ್ಕೆ ಮೊದಲು ಮೂರು ಪ್ರಶ್ನೆ ಕೇಳಬೇಕು. ವೇದಿಕೆಗೆ ಯಾರನ್ನು ಹತ್ತಿಸಲಿಲ್ಲ? ಆಡಿದ ಮಾತಿನಲ್ಲಿ ಯಾವ ಪದವನ್ನು ಎತ್ತಿಕೊಂಡು ಯಾವ ವಾದವನ್ನು ಬಿಟ್ಟರು? ಮಾತು ಮುಗಿದ ಮೇಲೆ ಆ ವಿಷಯದ ಗತಿ ಏನಾಯಿತು? ಇವನ್ನು ಅಮೆರಿಕದ ವಾಹಿನಿಗಳಿಗೆ ಕೇಳುವುದು ಸುಲಭ. ನನಗೆ ಕಷ್ಟವಾದದ್ದು ನನ್ನ ಸಹಿ ಇದ್ದ ಹಾಳೆಗೆ ಕೇಳುವಾಗ. ಆ ಹುಡುಗಿಯ 'ಅಕ್ಕು' ಎಂಬ ಪದವನ್ನು ನಾನು ಎತ್ತಿಕೊಂಡೆ, ಸಗಣಿಯ ವಾದವನ್ನು ಬಿಟ್ಟೆ. ಹಿಂದಿನ ಸಾಲಿನಲ್ಲಿ ನಕ್ಕವರಿಗೂ ನನಗೂ ಇದ್ದ ವ್ಯತ್ಯಾಸ ಇಷ್ಟೇ, ನನ್ನ ಕೈಲಿ ಪೆನ್ನಿತ್ತು.

ಈ ವರ್ಷವೂ ಅಲ್ಲಿಂದ ಪತ್ರ ಬಂದಿದೆ. ಫೋನು ಮಾಡಿ, ಉಚ್ಚಾರದ ಹತ್ತು ಅಂಕವನ್ನು ತೆಗೆದು ವಿಷಯಕ್ಕೆ ಸೇರಿಸಿ, ಹಾಗಾದರೆ ಬರುತ್ತೇನೆ ಎಂದೆ. 'ಮೊದಲಿಂದ ಹಂಗೇ ನಡ್ಕೊಂಡು ಬಂದದೆ ಸಾರ್, ಕಮಿಟಿಯೋರನ್ನ ಕೇಳಿ ಹೇಳ್ತೀವಿ' ಎಂದರು. ಇನ್ನೂ ಹೇಳಿಲ್ಲ. ಆ ಹುಡುಗಿ ಈಗ ಕೊನೆಯ ವರ್ಷದ ಬಿ.ಎ.ಯಲ್ಲಿದ್ದಾಳಂತೆ. ಈ ಸಲ ಹೆಸರು ಕೊಟ್ಟಿಲ್ಲವೆಂದು ಅವಳ ಮೇಷ್ಟ್ರು ಹೇಳಿದರು.